ಕಾರು ನಿಲ್ಲಿಸುವ ಜಾಗಕ್ಕೆ ಅಪ್ಪನ ಹೆಸರು

ಮಾನ್ಯ ಅಧ್ಯಕ್ಷರೇ, ಶಿಕ್ಷಣ ಮಂಡಳಿಯ ಸದಸ್ಯರೇ, ಪ್ರಾರ್ಥನೆ ಮಾಡಿದ ಪಾದ್ರಿಗಳೇ, ಹಿಂದಿನ ಸಾಲಿನಲ್ಲಿ ಕೂತು ಇವತ್ತಿಗೂ ಪಿಸುಗುಡುತ್ತಿರುವ ನನ್ನ ಹಳೆಯ ಸಹಪಾಠಿಗಳೇ, ಸಭಿಕರೇ,

ಕಪ್ಪು ಮಕ್ಕಳೂ ಬಿಳಿ ಮಕ್ಕಳೂ ಒಂದೇ ಶಾಲೆಯಲ್ಲಿ ಕೂತು ಐವತ್ತು ವರ್ಷವಾಯಿತೆಂದು ನಮ್ಮ ಹ್ಯಾಚೀ ಕ್ರೀಕ್ ಊರು ಇಂದು ಹಬ್ಬ ಮಾಡುತ್ತಿದೆ. ಮಧ್ಯಾಹ್ನದ ಹುರಿದ ಕೋಳಿ ಚೆನ್ನಾಗಿ ಬೆಂದಿತ್ತು. ಇಲ್ಲಿ ಹೇಳಿದ ಇತಿಹಾಸ ಮಾತ್ರ ಅರೆಬೆಂದದ್ದು.

ಅಧ್ಯಕ್ಷರು ಈಗತಾನೇ, ಆ ವರ್ಷ ಜಾರ್ಜಿಯಾದಲ್ಲಿ ಬಾಗಿಲು ತೆರೆಯಿತು ಎಂದರು. ನಿಜ. ಯಾವ ಬಾಗಿಲು ಮುಚ್ಚಿತು ಎಂದು ಯಾರಾದರೂ ಹೇಳಿದರೇ? ರೈಲು ಹಳಿಯ ಆಚೆ ನಮ್ಮದೇ, ಕಪ್ಪು ಮಕ್ಕಳದೇ ಒಂದು ಶಾಲೆಯಿತ್ತು. ಅದರ ಮುಖ್ಯೋಪಾಧ್ಯಾಯರು ನಮ್ಮಪ್ಪ, ಲೀಮನ್ ಬ್ರಾಡ್ನಾಕ್ಸ್. ಶಾಲೆ ಮುಗಿಸಿದವರ ಪದವಿ ಪ್ರದಾನದ ದಿನ ಅವರು ಪ್ರತಿ ಮಗುವನ್ನೂ ತಾಯಿತಂದೆಯ ಹೆಸರು ಸೇರಿಸಿ ಕರೆಯುತ್ತಿದ್ದರು. "ಬಟ್ಟೆ ಒಗೆಯುವ ಈಡಾ ಮೇ ಅವರ ಮಗಳು" ಎಂದರೆ ಈಡಾ ಮೇ ಎದ್ದು ನಿಲ್ಲಬೇಕು. ಹಳಿಯ ಈಚೆ, ಬಿಳಿಯರ ಕಡೆ, ಆಕೆಯನ್ನು "ಅವರು" ಎಂದವರು ಯಾರೂ ಇರಲಿಲ್ಲ.

ಆಮೇಲೆ ಶಾಲೆಗಳು ಒಂದಾದವು. ಅಂದರೆ, ನಮ್ಮದಕ್ಕೆ ಬೀಗ ಬಿತ್ತು. ಅಪ್ಪನಿಗಿಂತ ಎಷ್ಟೋ ಚಿಕ್ಕವನಾದ ಶಾಲಾಧಿಕಾರಿ ನಮ್ಮ ಮನೆಯ ಮೆಟ್ಟಿಲ ಮೇಲೆ ನಿಂತು ಹೇಳಿದ: "ನೋಡು ಲೀಮನ್, ನೀನೇನೋ ಒಳ್ಳೆಯವನೇ. ಆದ್ರೆ ಬಿಳಿ ಮೇಷ್ಟ್ರುಗಳು ನಿನ್ನ ಕೈಕೆಳಗೆ ಕೆಲಸ ಮಾಡ್ತಾರೇನಯ್ಯಾ? ಬಸ್ಸು, ಕಾರು ನಿಲ್ಲಿಸೋದು ನೋಡ್ಕೊಂಡಿರು."

ಅಮ್ಮ ಒಳಗಿಂದಲೇ, "ಬೇಡ ಅಂದ್ಬಿಡಿ" ಎಂದಳು.

"ನಾನೂ ಬಿಟ್ಟು ಹೋದ್ರೆ ಅಲ್ಲಿ ನಮ್ಮ ಮಕ್ಕಳ ಹೆಸರು ಗೊತ್ತಿರೋರು ಯಾರು ಉಳೀತಾರೆ, ಓಲಾ?" ಎಂದರು ಅಪ್ಪ.

ಮರುವರ್ಷ ನನ್ನ ಪದವಿ ಪ್ರದಾನ. ಇದೇ ವೇದಿಕೆ. ಹೊಸ ಮುಖ್ಯೋಪಾಧ್ಯಾಯರು "ವರ್ನೆಲ್ ಬ್ರಾಡ್ನಾಕ್ಸ್" ಎಂದು ತಡವರಿಸಿ ಓದಿದರು. ಆಗ ಅಪ್ಪ ಎಲ್ಲಿದ್ದರು? ಹೊರಗೆ, ಇದ್ದ ಒಂದೇ ಸೂಟು ಹಾಕಿಕೊಂಡು, ತಡವಾಗಿ ಬಂದ ಕಾರುಗಳಿಗೆ ಟಾರ್ಚು ಬೀಸಿ ಜಾಗ ತೋರಿಸುತ್ತಿದ್ದರು. ಮನೆಗೆ ಹೋಗುವಾಗ, "ನನ್ನ ಹೆಸರು ಕೇಳಿಸ್ತಾ ಅಪ್ಪಾ?" ಎಂದೆ.

"ಕಿಟಕಿ ತೆಗೆದಿತ್ತಲ್ಲ ಕಣಮ್ಮಾ, ಚೆನ್ನಾಗಿ ಕೇಳಿಸ್ತು."

ಕಿಟಕಿ ಮುಚ್ಚಿತ್ತು. ನಾನು ಅದರ ಪಕ್ಕದಲ್ಲೇ ಕೂತಿದ್ದೆ.

ಈಗ ನಿಮ್ಮ ಉಡುಗೊರೆಯ ಮಾತು. ಈ ಪರದೆಯ ಹಿಂದಿನ ಫಲಕವನ್ನು ಬೆಳಿಗ್ಗೆ ನನಗೆ ತೋರಿಸಿದಿರಿ. ಕಾರು ನಿಲ್ಲಿಸುವ ಹೊಸ ಜಾಗಕ್ಕೆ ಅಪ್ಪನ ಹೆಸರು. ಕೆಳಗೆ "ವಾಹನಗಳ ಮೇಲ್ವಿಚಾರಕ". ಮುಖ್ಯೋಪಾಧ್ಯಾಯ ಎಂಬ ಮಾತೇ ಇಲ್ಲ. ನಿಮಗೆ ಗೊತ್ತಿರಲಿಲ್ಲ, ನಂಬುತ್ತೇನೆ. ಗೊತ್ತಿಲ್ಲ ಎನ್ನುವುದೇ ನನ್ನ ಹೊಟ್ಟೆ ಉರಿಸುತ್ತಿದೆ.

ಪರದೆಯನ್ನು ನಾನು ಎಳೆಯುವುದಿಲ್ಲ. ಅಪ್ಪ ಕರೆಯುತ್ತಿದ್ದ ಹಾಗೆ ಒಂದು ಹೆಸರು ಕರೆಯುತ್ತೇನೆ. ಅವರನ್ನು ಬಲ್ಲವರು ಎದ್ದು ನಿಲ್ಲಿ.

ಹತ್ತಿ ಬಿಡಿಸುತ್ತಿದ್ದ ಸೆಲೀನಾ ಅವರ, ಮರ ಕೊಯ್ಯುತ್ತಿದ್ದ ರೂಫಸ್ ಅವರ ಮಗ, ಮುಖ್ಯೋಪಾಧ್ಯಾಯ ಲೀಮನ್ ಬ್ರಾಡ್ನಾಕ್ಸ್!

ಹಿಂದಿನ ಸಾಲಿನವರೇ, ಎದ್ದಿರಿ, ಧನ್ಯವಾದ. ಮುಂದಿನ ಸಾಲಿನ ಮಂಡಳಿಯವರೇ, ನೀವು ಕೂತೇ ಇರಿ, ಕೋಳಿಗೆ ಧನ್ಯವಾದ. ನಾನು ನಡೆದುಕೊಂಡೇ ಬಂದವಳು, ನನಗೆ ಕಾರು ನಿಲ್ಲಿಸುವ ಜಾಗ ಬೇಕಿಲ್ಲ. ನಮಸ್ಕಾರ.