ಐದನೇ ಬೆಳಗು

ನಗ್ತೀರಾ? ನಗಿ ನಗಿ! ನಾಡಿಗೆಲ್ಲ ಗೊತ್ತಿರೋ ಆ ಫೋಟೋ ಹೊಡೆದಿದ್ದು ಜೀಪ್ ಓಡಿಸೋ ನಾನು, ನಿಮ್ಮಪ್ಪ ಆ ಹೊತ್ತಲ್ಲಿ ಹೊಟ್ಟೆ ಕೆಟ್ಟು ಬಂಡೆ ಹಿಂದೆ ಕೂತಿದ್ರು ಅಂದ್ರೆ ಯಾರಿಗೆ ನಗು ಬರಲ್ಲ? ನಾಲ್ಕು ವರ್ಷದಿಂದ ಎಲ್ರೂ ನಗ್ತಾನೇ ಇದ್ದಾರೆ. ನೀವೊಬ್ರು ಬಾಕಿ ಇದ್ರಿ.

ಕೂತ್ಕೊಳ್ಳಿ ಮೇಡಂ, ಈ ಕಟ್ಟೆ ಮೇಲೆ. ಸೂರ್ಯ ಬರೋಕೆ ಇನ್ನೂ ಅರ್ಧ ಗಂಟೆ ಇದೆ. "ಹೋದ ವರ್ಷ ಇಲ್ಲಿಂದ ವಾಪಸ್ ಬಂದ ಮೇಲೆ ಅಪ್ಪ ಕ್ಯಾಮೆರಾ ಮುಟ್ಟೇ ಇಲ್ಲ, ಕೊನೇ ದಿನ ಏನಾಯ್ತು" ಅಂತ ಕೇಳಿದ್ರಲ್ಲ? ಹೇಳ್ತೀನಿ. ಆದ್ರೆ ಮೊದಲಿಂದ ಹೇಳ್ತೀನಿ. ಕೊನೆ ಮಾತ್ರ ಕೇಳ್ಕೊಂಡು ಹೋದ್ರೆ ನಾನೇ ಕೆಟ್ಟವನಾಗ್ತೀನಿ.

ಕ್ಯಾಮೆರಾ ಅವರದು, ಒಪ್ತೀನಿ. ಸ್ಟ್ಯಾಂಡ್ ನಿಲ್ಲಿಸಿದ್ದೂ ಅವರೇ. "ಮುಟ್ಬೇಡಪ್ಪಾ" ಅಂತ ಹೇಳಿ ಓಡಿದ್ರು ಪಾಪ, ಬೆಲ್ಟ್ ಬಿಚ್ಕೊಂಡೇ! ಅಷ್ಟರಲ್ಲಿ ಕೆಳಗಿನ ಮಂಜು ಕೆಂಪಾಗೋಕೆ ಶುರುವಾಯ್ತು. ಇಪ್ಪತ್ತೆರಡು ವರ್ಷ ಗಿರಾಕಿಗಳನ್ನ ಕಾಯ್ತಾ ಇದೇ ಬೆಟ್ಟ ನೋಡಿದ್ದೀನಿ ಮೇಡಂ. ಮಂಜು ಬೆಳಗಿಗೆ ಒಂದೇ ಒಂದು ಸಲ ಹೀಗೆ ಕೆಳಗಿಳಿಯುತ್ತೆ. ನಡುವಿನ ಗುಡ್ಡ ಒಂದೇ ತಲೆ ಎತ್ತುತ್ತೆ. ಎರಡು ಉಸಿರು ಎಳೆಯೋದ್ರೊಳಗೆ ಮುಗೀತು, ಮತ್ತೆ ಮುಚ್ಕೊಳುತ್ತೆ. ನಾನು ಕ್ಯಾಮೆರಾನ ಚೂರು ಎಡಕ್ಕೆ ತಿರುಗಿಸಿದೆ. ಒತ್ತಿದೆ. ಒಂದೇ ಸಲ!

ಬಂದು ನೋಡಿದ್ರು. ನನ್ನ ತಬ್ಕೊಂಡ್ರು ಮೇಡಂ! ಕಣ್ಣಲ್ಲಿ ನೀರು! "ಇದು ನಿಂದು ಕಣಪ್ಪಾ" ಅಂದ್ರು. ಆಮೇಲೆ? ಆಮೇಲೆ ಪ್ರಶಸ್ತಿ ಬಂತು. ಪೇಪರಲ್ಲಿ ಅರ್ಧ ಪುಟ. "ಹನ್ನೊಂದು ದಿನ ಕೊರೆಯುವ ಚಳಿಯಲ್ಲಿ ಕಾದೆ, ಆ ಕ್ಷಣ ನನ್ನನ್ನು ಹುಡುಕಿಕೊಂಡು ಬಂತು." ಬಂಡೆ ಹಿಂದೆ ಹುಡುಕ್ಕೊಂಡು ಬಂತಾ? ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರ್ಕೊಂಡ ಹಾಗಾಯ್ತು. ಕ್ಯಾಲೆಂಡರಲ್ಲಿ ಅದೇ, ಹೋಟೆಲಿನ ಗೋಡೇಲಿ ಅದೇ, ನಾನು ಕ್ಷೌರಕ್ಕೆ ಹೋದ್ರೆ ಕನ್ನಡಿ ಪಕ್ಕದಲ್ಲೂ ಅದೇ. ಕೆಳಗೆ ನಿಮ್ಮಪ್ಪನ ಹೆಸರು. ಜೀಪ್ ಸ್ಟ್ಯಾಂಡಲ್ಲಿ ಹೇಳಿದೆ. ಅವತ್ತಿಂದ ನನ್ನ ಹೆಸರೇ ಹೋಯ್ತು. "ಏ ಕ್ಯಾಮೆರಾ, ಬಾಡಿಗೆ ಬಂದಿದೆ ನೋಡೋ!" ಅಂತಾರೆ.

ಅದನ್ನೂ ಸಹಿಸ್ಕೊಂಡೆ. ಹೆಂಡತಿ "ಸುಮ್ನಿರ್ರೀ, ಮರ್ಯಾದೆ ಕಳೀಬೇಡಿ" ಅಂದ್ಳು, ಅದನ್ನೂ ಸಹಿಸ್ಕೊಂಡೆ. ಆದ್ರೆ ನನ್ನ ಮಗಳು... ಅವಳ ಕ್ಲಾಸಿನ ಗೋಡೇಲಿ ಆ ಕ್ಯಾಲೆಂಡರ್ ಇತ್ತು. "ಇದು ನಮ್ಮಪ್ಪ ತೆಗೆದಿದ್ದು" ಅಂತ ಹೇಳ್ಬಿಟ್ಟಿದ್ದಾಳೆ. ಟೀಚರ್ ಹೆಸರು ಓದಿಸಿದ್ರಂತೆ, ಗಟ್ಟಿಯಾಗಿ. ಸುಳ್ಳಿ ಅಂತ ಇಡೀ ಪೀರಿಯಡ್ ನಿಲ್ಲಿಸಿದ್ರು. ಮನೆಗೆ ಬಂದು ಚಪ್ಪಲಿ ಕೂಡ ಬಿಚ್ಚಿಲ್ಲ, "ಅಪ್ಪಾ, ನನ್ನ ಹತ್ರ ಆದ್ರೂ ನಿಜ ಹೇಳು" ಅಂದ್ಳು. ಒಂಬತ್ತು ವರ್ಷದ ಮಗು! ಹೊಟ್ಟೆ ಹೇಗೆ ಉರೀತು ಗೊತ್ತಾ? ನೀವೂ ಒಬ್ಬ ಅಪ್ಪನ ಮಗಳೇ ಅಲ್ವಾ?

ಅದಕ್ಕೇ... ಹೋದ ವರ್ಷ ಅವರೇ ಫೋನ್ ಮಾಡಿ "ಐದು ದಿನ ಬರ್ತೀನಪ್ಪಾ, ನೀನೇ ಬೇಕು" ಅಂದಾಗ, ಬನ್ನಿ ಸಾರ್ ಅಂದೆ. ಬಾಯ್ತುಂಬಾ ಅಂದೆ.

ಮೊದಲ ದಿನ ಟೈರ್ ಗಾಳಿ ಹೋಯ್ತು. ಹೋಗ್ಲಿಲ್ಲ, ನಾನೇ ಬಿಟ್ಟೆ. ಎರಡನೇ ದಿನ ಇಂಜಿನ್ ಕಾದುಬಿಡ್ತು, ನೀರು ತರೋಕೆ ಅಂತ ಹೋಗಿ ಮರದ ಕೆಳಗೆ ಬೀಡಿ ಸೇದ್ಕೊಂಡು ಕೂತೆ. ಹತ್ತೇ ನಿಮಿಷ ತಡ ಆದ್ರೆ ಸಾಕು ಮೇಡಂ, ಕೈಗೆ ಬಂದ ತುತ್ತು ಬಾಯಿಗಿಲ್ಲ! ಸಂಜೆ "ಸೂರ್ಯ ಮುಳುಗೋದಾದ್ರೂ ತೋರ್ಸಪ್ಪಾ" ಅಂದ್ರು. ಕರ್ಕೊಂಡು ಹೋದೆ, ಪೂರ್ವದ ಇಳಿಜಾರಿಗೆ. ಸೂರ್ಯ ಬೆನ್ನ ಹಿಂದೆ ಮುಳುಗ್ತು! ಮೂರನೇ ದಿನ ದಾರಿ ತಪ್ಪಿದೆ. ಇಪ್ಪತ್ತೆರಡು ವರ್ಷ ಓಡಿಸಿದ ದಾರಿ! ನಾಲ್ಕನೇ ದಿನ ನಾನು ಎದ್ದೇಳಲೇ ಇಲ್ಲ.

ಈಗ ಯಾಕೆ ನಗ್ತಿಲ್ಲ?

ಬೈದ್ರೂ ಪರವಾಗಿರ್ಲಿಲ್ಲ, ಅವರು ಬೈಯಲೂ ಇಲ್ಲ. ಒಂದು ಸಲ ಜೀಪಲ್ಲಿ ಕೂತು "ಈ ಸಲ ನಾನೇ ಒತ್ತಬೇಕು ಕಣಪ್ಪಾ" ಅಂದ್ರು. ಅಂದ್ರೆ ಹೋದ ಸಲ ಒತ್ತಿದ್ದು ಯಾರು ಅಂತ ನೆನಪಿದೆ! ಜೀಪಿನ ಬಾಗಿಲು ಹಾಕ್ಕೊಂಡು ನನಗೊಬ್ನಿಗೆ ಹೇಳಿದ್ರೆ ಏನ್ ಬಂತು? ಪೇಪರಿಗೆ ಹೇಳ್ಬೇಕಿತ್ತು. ನನ್ನ ಮಗಳ ಟೀಚರಿಗೆ ಹೇಳ್ಬೇಕಿತ್ತು. ಇನ್ನೂ ಸಿಟ್ಟು ಬಂತು ನಂಗೆ.

ಐದನೇ ದಿನ? ಐದನೇ ದಿನ ನಂದೇನೂ ತಪ್ಪಿಲ್ಲ. ಬೇಗ ಬಂದ್ವಿ, ಇಲ್ಲೇ ನಿಂತ್ವಿ. ದಟ್ಟ ಮಂಜು. ಏನೂ ಕಾಣ್ಲಿಲ್ಲ. ಬೆಟ್ಟದ ಮಂಜಿಗೆ ನಾನೇನು ಮಾಡ್ಲಿ? ಎಂಟು ಗಂಟೆ ತನಕ ಕಾದು ಇಳಿದ್ವಿ, ಅಷ್ಟೇ. ಕತೆ ಮುಗೀತು. ಟೀ ಕುಡಿಯಿರಿ, ಆರುತ್ತೆ.

ಏನ್ ಮೇಡಂ, ಹಾಗೆ ನೋಡ್ತೀರಾ? ಮಂಜು ಅಂದ್ನಲ್ಲ. ನಂಬಿಕೆ ಇಲ್ವಾ? ಇಲ್ಲದಿದ್ರೂ, ಆ ಕಣ್ಣಲ್ಲಿ ಅವರಿಗೆ ಎಷ್ಟು ಕಾಣ್ತಿತ್ತು ಹೇಳಿ...

...

ಹೌದು. ನೀವು ಕಣ್ಣಿನ ಸುದ್ದಿ ಎತ್ತೇ ಇಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು ನಂದು. ಅಲ್ಲ, ನೀವು ಕಳ್ಳ ಅಂತಾನೂ ಅನ್ಲಿಲ್ಲ!

ಗೊತ್ತಿತ್ತು. ಮೊದಲ ದಿನವೇ ಗೊತ್ತಾಯ್ತು. ಮೆಟ್ಟಿಲು ಇಳಿಯೋವಾಗ ಕಾಲಲ್ಲಿ ತಡಕಾಡ್ತಿದ್ರು. ಟೀ ಬಗ್ಗಿಸಿದ್ರೆ ಅರ್ಧ ಲೋಟದಿಂದ ಆಚೆಗೆ. ಏನೂ ಆಗಿಲ್ಲ ಅನ್ನೋ ಹಾಗೆ ಇರ್ತಿದ್ರು. ನಾನೂ ಏನೂ ಕಾಣದವನ ಹಾಗೇ ಇದ್ದೆ. ಇದೇ ಕೊನೇ ಸಲ ಬಂದಿರೋದು ಅಂತಾನೂ ಗೊತ್ತಾಯ್ತು.

ಬಯ್ರಿ! ಏನಾದ್ರೂ ಅನ್ನಿ. ಸುಮ್ನೆ ಕೂರ್ಬೇಡಿ.

ಐದನೇ ದಿನ ಮಂಜು ಇರ್ಲಿಲ್ಲ. ಅಲ್ಲ... ಇತ್ತು, ಕಣಿವೇಲಿತ್ತು, ಇರ್ಬೇಕಾದ ಜಾಗದಲ್ಲೇ ಇತ್ತು. ನನ್ನ ಜನ್ಮದಲ್ಲಿ ಅಂಥಾ ಬೆಳಗು ನೋಡಿಲ್ಲ ಮೇಡಂ. ಮೊದಲ ಫೋಟೋ ಏನೂ ಅಲ್ಲ ಅದರ ಮುಂದೆ. ಅವರು ಬೆರಳು ಬಟನ್ ಮೇಲಿಟ್ಕೊಂಡು ನಿಂತಿದ್ರು. "ಬಂತೇನಪ್ಪಾ?" ಅಂದ್ರು. ಅವರಿಗೆ ಎಲ್ಲಾ ಬರೀ ಬಿಳಿ. ಮಂಜು ಬೆಟ್ಟದ ಮೇಲಿದೆಯೋ ತನ್ನ ಕಣ್ಣಲ್ಲಿದೆಯೋ ಅಂತ ತಿಳೀತಿರ್ಲಿಲ್ಲ.

"ಇಲ್ಲ ಸಾರ್, ಏನೂ ಕಾಣ್ತಿಲ್ಲ" ಅಂದೆ.

"ಮುಖಕ್ಕೆ ಬೆಚ್ಚಗಾಗ್ತಿದೆಯಲ್ಲೋ?"

"ಇಂಜಿನ್ ಕಾವು ಸಾರ್" ಅಂದೆ. ಅಂದ್ಬಿಟ್ಟೆ. ಖುಷಿಯಾಗಿತ್ತು ಮೇಡಂ, ಸುಳ್ಳು ಯಾಕೆ ಹೇಳ್ಲಿ? ಒಳಗೊಳಗೇ ಕುಣಿದಷ್ಟು ಖುಷಿ! ಅವರು ಬೆರಳು ತೆಗೆದ್ರು. ಸ್ಟ್ಯಾಂಡ್ ತಾವೇ ಮಡಚಿದ್ರು, ತಡಕಾಡಿ ತಡಕಾಡಿ. "ನನ್ನ ಯೋಗ್ಯತೆ ಇಷ್ಟೇ ಬಿಡಪ್ಪಾ" ಅಂತ ನನ್ನ ಭುಜ ತಟ್ಟಿದ್ರು.

ಸೂರ್ಯ ಅಲ್ಲಿ ಬರ್ತಿದ್ದಾನೆ ಮೇಡಂ, ನನ್ನ ಮುಖ ಯಾಕೆ ನೋಡ್ತೀರಾ? ಅಲ್ಲಿ ನೋಡಿ... ಯಾರಿಗೆ ಫೋನು? ಇಲ್ಲಿ ಸಿಗ್ನಲ್ ಸಿಗಲ್ಲ... ಹೋಗ್ತಿದೆಯಾ?

ಬೇಡ. ನನ್ನ ಕೈಗೆ ಕೊಡ್ಬೇಡಿ. ಬೇಡ ಅಮ್ಮಾ, ನಿಮ್ಮ ಕಾಲಿಗೆ ಬೀಳ್ತೀನಿ. ಇದು ಸೇಡಲ್ವಾ? ಮತ್ತೆ ನನಗೂ ನಿಮಗೂ ಏನ್ ವ್ಯತ್ಯಾಸ... ಎತ್ತಿದ್ರು.

ಹಲೋ... ಸಾರ್... ನಾನು ಸಾರ್. ಜೀಪಿನವನು... ಹೂಂ ಸಾರ್, ಅಲ್ಲೇ ಇದ್ದೀವಿ, ಪಕ್ಕದಲ್ಲೇ ಇದ್ದಾರೆ... ಇಲ್ಲ ಸಾರ್, ಮಂಜು ಮುಚ್ಚಿಲ್ಲ. ಈಗ ಕೆಳಗಿಳೀತಿದೆ. ನಡುವಿನ ಗುಡ್ಡ... ಬಂತು. ಬಂತು ಸಾರ್. ಚೆನ್ನಾಗಿ ಕಾಣ್ತಿದೆ.

ಅವತ್ತೂ ಕಾಣ್ತಿತ್ತು ಸಾರ್.

ಹಲೋ?... ಸಾರ್? ಏನಾದ್ರೂ ಅನ್ನಿ ಸಾರ್...

ಮೇಡಂ, ಅವರೂ ಮಾತಾಡ್ತಿಲ್ಲ.