ಇಂಗ್ಲೆಂಡಿನ ಕಲ್ಲಿಗೆ ಕುಂಕುಮ

ಅಮೆರಿಕದ ಗೈದರ್ಸ್‌ಬರ್ಗಿನ ಇಂಡಿಯನ್ ಗ್ರೋಸರಿ ಅಂಗಡಿ. ಬಿಲ್ಲಿಂಗ್ ಸಾಲು ಜಪ್ಪಯ್ಯ ಅಂದರೂ ಅಲ್ಲಾಡುತ್ತಿರಲಿಲ್ಲ. ನನ್ನ ಮುಂದೆ ಅತ್ತೆ, ಸೊಸೆ. ಫೋನ್ ನೋಡುತ್ತಿದ್ದ ಸೊಸೆ ತಟ್ಟನೆ ತಲೆ ಎತ್ತಿದಳು.

"ಅತ್ತೆ, ಇಂಗ್ಲೆಂಡ್ ಟ್ರಿಪ್ಪಲ್ಲಿ ಆ ಪುಟ್ಟ ಹಳ್ಳಿಗೆ ಹೋಗಿದ್ವಲ್ಲ, ಚರ್ಚ್ ಮುಂದಿದ್ದ ಹಳೇ ಕಲ್ಲಿಗೆ ನೀವೇನಾದ್ರೂ ಮಾಡಿದ್ರಾ?"

"ಏನ್ ಮಾಡ್ದೆ? ಅರಿಶಿನ ಕುಂಕುಮ ಇಟ್ಟೆ, ಅಷ್ಟೇ."

"ಯಾಕತ್ತೆ?"

"ಎಂಟುನೂರು ವರ್ಷದಿಂದ ನಿಂತಿದೆ ಅಂತ ಗೈಡೇ ಅಂದ್ನಲ್ಲ. ಒಬ್ರೂ ಒಂದು ಹೂವಿಟ್ಟಿಲ್ಲ, ಪಾಪ."

"ಆ ಊರಿನ ಹಿಸ್ಟರಿ ಸೊಸೈಟಿ ಪೇಜ್ ನೋಡಿ. ಮರೆತೇಹೋಗಿದ್ದ ಪುರಾತನ ಆಚರಣೆಯನ್ನ ಯಾರೋ ಗುಟ್ಟಾಗಿ ಉಳಿಸ್ಕೊಂಡು ಬಂದಿದ್ದಾರೆ ಅಂತ ಹಾಕಿದ್ದಾರೆ."

"ಒಳ್ಳೇದೇ ಆಯ್ತು ಬಿಡು."

"ಏನ್ ಒಳ್ಳೇದು? ಈಗ ಪ್ರತಿ ಭಾನುವಾರ ಊರೋರೆಲ್ಲ ಸೇರಿ ಕಲ್ಲಿಗೆ ಬಣ್ಣ ಹಚ್ತಿದ್ದಾರಂತೆ! ನಾನು ಇವತ್ತೇ ಇಮೇಲ್ ಮಾಡಿ ನಿಜ ಹೇಳ್ಬಿಡ್ತೀನಿ."

"ಹೇಳು, ಬೇಡ ಅಂದೋರ್ಯಾರು? ಎಲ್ಲಿ, ಫೋಟೋ ತೋರ್ಸು."

ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿದರು. ಹುಬ್ಬು ಗಂಟಾಯಿತು.

"ಅಯ್ಯೋ, ಕೆಂಪಿನ ಮೇಲೆ ಹಳದಿ ಬಳಿದಿದ್ದಾರಲ್ಲೇ! ಮೊದಲು ಅರಿಶಿನ, ಆಮೇಲೆ ಕುಂಕುಮ. ಅದನ್ನೂ ಬರಿ."

"ಅತ್ತೆ, ನಾನು ಬರೀತಿರೋದು ಸಾರಿ ಕೇಳೋಕೆ."

"ನಾವ್ಯಾಕೆ ಕೇಳ್ಬೇಕು? ತಪ್ಪು ಮಾಡ್ತಿರೋರು ಅವ್ರು."

ಕೊನೆಗೂ ಕೌಂಟರ್ ಖಾಲಿಯಾಯಿತು. ಅತ್ತೆ ಕಾರ್ಟ್ ತಳ್ಳಿಕೊಂಡು ಮುಂದಕ್ಕೆ ಹೋದರು. ಫೋನಿನಲ್ಲಿ ಟೈಪ್ ಮಾಡುತ್ತಲೇ ಸೊಸೆ ಹಿಂದೆ ನಡೆದಳು.

"ಹಾಂ, ಇನ್ನೊಂದು," ಅಂದರು ಅತ್ತೆ, ತಿರುಗಿಯೂ ನೋಡದೆ. "ಭಾನುವಾರ ಅಲ್ಲ, ಶುಕ್ರವಾರ ಅಂತ ಹೇಳು. ಸ್ನಾನ ಮಾಡ್ಕೊಂಡು."