ಬರೆಸಿಕೊಳ್ಳೋನು ನಾನೇ ತಾನೇ?

ಹಲೋ... ಹಲೋ, ಯಾರು ಮಾತಾಡ್ತಿರೋದು? ಯಾವ ವಿಮಲಮ್ಮ?

...

ಓ, ಕೋಟೆ ಹತ್ರದ ಹ್ಯಾಂಡ್‌ಪೋಸ್ಟ್ ಊರಿನ ವಿಮಲಕ್ಕ! ಹೇಳಿ ಅಕ್ಕ, ಹೇಳಿ. ಹೊಸ ನಂಬರ್ ಅಲ್ವಾ, ಗೊತ್ತಾಗ್ಲಿಲ್ಲ. ಹಾಂ, ಶಿವಶಂಕರನೇ. ನಿಮ್ಮ ಜಗುಲಿ ಮ್ಯಾಲೆ ಕೂತ್ಕಂಡು ಮೂರು ಲೋಟ ಮಜ್ಜಿಗೆ ಕುಡ್ದು ಇಪ್ಪತ್ತೆಂಟು ಪ್ರಶ್ನೆ ಕೇಳ್ದೋನು. ಅದೇ ಪ್ರಾಣಿ.

...

ಪುಸ್ತಕ ಅಲ್ಲ ಕಣಕ್ಕ, ಪ್ರಬಂಧ. ಎಂ.ಎ.ಗೆ ಬರೀಬೇಕು. ಲಿಂಗತ್ವ ಅಧ್ಯಯನ, ಹೂಂ. ಗಂಡಸ್ರಿಗೊಂದು ನ್ಯಾಯ, ಹೆಂಗಸ್ರಿಗೊಂದು ನ್ಯಾಯ ಯಾಕೆ ಅಂತ ಓದೋದು. ನಮ್ಮೂರಲ್ಲಿ ಇನ್ನೂ ಯಾರ್ಗೂ ಅರ್ಥ ಆಗಿಲ್ಲ ಬುಡಿ. ನಮ್ಮಪ್ಪ ಕೇಳ್ದೋರಿಗೆಲ್ಲ 'ಮಗ ಲಾ ಓದ್ತಾವ್ನೆ' ಅಂತಾರೆ. ನಾನೂ ತಿದ್ದೋಕೆ ಹೋಗಿಲ್ಲ. ಮರ್ಯಾದೆ ಜಾಸ್ತಿ ಸಿಗ್ತದೆ.

...

ಮುಗೀತು ಅಂತ್ಲೇ ಇಟ್ಕಳಿ. ಹೆಣ್ಮಕ್ಳು ತವರಿನ ಜಮೀನಲ್ಲಿ 'ನಂಗೆ ಪಾಲು ಬ್ಯಾಡ' ಅಂತ ಯಾಕೆ ಸೈನ್ ಹಾಕ್ಕೊಡ್ತಾರೆ ಅಂತ ನಲವತ್ತೆರಡು ಜನ ಮಾತಾಡವ್ರೆ. ನಾಲ್ಕನೇ ಅಧ್ಯಾಯ ಶುರುವಾಗೋದೇ ನೀವು ನಿಮ್ಮಣ್ಣಂಗೆ ಸೈನ್ ಹಾಕ್ಕೊಟ್ಟಿದ್ನ ಹೇಳಿದ್ರಲ್ಲ, ಆ ಮಾತಿಂದ. ನಮ್ಮ ಗೈಡ್ ಮೇಡಂ ಓದಿ, ಕನ್ನಡಕ ಒರೆಸ್ಕಂಡು, ಮತ್ತೆ ಮೊದ್ಲಿಂದ ಓದುದ್ರು.

...

ಈಗ್ಲಾ? ಈಗ... ಕೆ.ಆರ್. ನಗರದಲ್ಲಿದ್ದೀನಿ. ಸಬ್‌ರಿಜಿಸ್ಟ್ರಾರ್ ಆಫೀಸ್ ಹತ್ರ. ಹಾಂ, ಅದಕ್ಕೇ ಗಲಾಟೆ. ಟೋಕನ್ ಕೂಗ್ತಾವ್ರೆ.

...

ಅಯ್ಯೋ, ಇಲ್ಲಕ್ಕ... ಯಾರೋ ಹೆಣ್ಮಗಳಿಗೆ ಸಹಾಯ ಮಾಡೋಕೆ ಅಂತೇನಲ್ಲ... ನೀವು ಹಂಗೆಲ್ಲ ಹೊಗಳ್ಬೇಡಿ, ಎಲ್ಲಿ ಮುಖ ಇಟ್ಕಳ್ಳಿ ನಾನು. ಹೆಣ್ಮಗಳು ಬಂದಿರೋದು ನಿಜ. ಹೆಸ್ರಾ? ಅನುಶ್ರೀ. ಊರು ಅಂದ್ರೆ... ಕೊಟ್ಟಿರೋದು ಕೊಪ್ಪಕ್ಕೆ. ತವರು ಚುಂಚನಕಟ್ಟೆ ಹತ್ರ. ... ಹಾಂ, ನಮ್ಮೂರೇ. ... ಹಾಂ ಅಕ್ಕ, ನಮ್ಮನೇನೇ. ನನ್ನ ತಂಗಿ.

...

ಹಲೋ? ಅಕ್ಕ, ಇದ್ದೀರಾ?

...

ಬಯ್ಯಿರಿ. ಬಯ್ಯೋದಿದ್ರೆ ಬಯ್ದುಬುಡಿ.

...

ಇಲ್ಲ, ನಾನು ಕೇಳಿದ್ದಲ್ಲ. ಅವಳು ಪಾಲು ಬಿಟ್ಕೊಡೋ ಪತ್ರ ಅಪ್ಪನೇ ಬರೆಸಿರೋದು. 'ಇರೋದೇ ಮೂರು ಎಕ್ರೆ ಗದ್ದೆ, ಅದನ್ನೂ ಹಂಚ್ಬುಟ್ರೆ ನಿಂಗೇನು ಉಳೀತದೆ' ಅಂದ್ರು. ನಾನಾ? ... ನಾನು 'ನೋಡಾಣ' ಅಂದೆ. ಸೆಮಿನಾರಲ್ಲಿ ಮುಕ್ಕಾಲು ಗಂಟೆ ಮೈಕ್ ಬುಡ್ದೇ ಇರೋನು, ಮನೇಲಿ 'ನೋಡಾಣ' ಅಂದೆ.

...

ಸೀರೆನಾ? ಹೂಂ, ತಂದಿದ್ದೀವಿ. ಸೈನ್ ಆದ್ಮೇಲೆ ಅರಿಶಿನ ಕುಂಕುಮದ ಜೊತೆ ಅಣ್ಣ ಕೊಡ್ಬೇಕಲ್ಲ. ಹಸಿರು, ಮೆರೂನ್ ಅಂಚು. ... ನಾನೇ ಆರಿಸ್ದೆ ಅಕ್ಕ. ಆ ಸೀರೆ ಶಾಸ್ತ್ರದ ಬಗ್ಗೆ ಒಂಬತ್ತು ಪುಟ ಬರ್ದೋನೇ ಅಂಗ್ಡಿಲಿ ಕೂತ್ಕಂಡು 'ಇದ್ರಲ್ಲೇ ಬ್ಯಾರೆ ಬಣ್ಣ ಇದ್ರೆ ತೋರ್ಸಿ' ಅಂದೆ. ನಗಿ, ನಗಿ. ನಗೋ ವಿಷ್ಯಾನೇ.

...

ಅವಳೇ ಒಪ್ಪಿರೋದು ಕಣಕ್ಕ. 'ಅಣ್ಣ ಚೆನ್ನಾಗಿದ್ರೆ ಸಾಕು, ಬಂದಾಗ ಒಂದೊತ್ತು ಊಟ ಹಾಕಿ ಕಳ್ಸಿದ್ರೆ ಸಾಕು' ಅಂದ್ಲು. ... ಏನು? ... ಹೌದು. ನಲವತ್ತೆರಡ್ರಲ್ಲಿ ನಲವತ್ತು ಜನ ಇದನ್ನೇ ಅಂದಿದ್ರು. ನಾನೇ ಬರ್ದಿದ್ದೀನಿ, 'ಇದು ಒಪ್ಪಿಗೆಯಲ್ಲ, ತವರಿನ ಬಾಗಿಲು ಮುಚ್ಚೀತೆಂಬ ಭಯ' ಅಂತ. ಕೆಳಗೆ ಗೆರೆ ಬ್ಯಾರೆ ಎಳ್ದಿದ್ದೀನಿ.

...

ಇವಳ್ನಾ? ... ಇಲ್ಲ. ಕೇಳ್ಲಿಲ್ಲ. ಹುಣಸೂರು, ಪಿರಿಯಾಪಟ್ಣ, ಕೋಟೆ ಅಂತ ಬಸ್ಸಲ್ಲಿ ಸುತ್ತುದ್ನಲ್ಲ, ಮನೆಗೆ ಬಂದೋಗೋ ತಂಗೀನ ಕೇಳ್ಬೇಕು ಅಂತ ತೋಚ್ಲೇ ಇಲ್ಲ. ಇನ್ನೊಂದು ಹೇಳ್ಲಾ? ನನ್ನ ಕೈಬರಹ ನಂಗೇ ಓದಕ್ಕಾಗಲ್ಲ, ಅದನ್ನೆಲ್ಲ ಟೈಪ್ ಮಾಡ್ಕೊಟ್ಟೋಳು ಅವಳೇ. ನಿಮ್ಮ ಮಾತೂ ಅವಳೇ ಟೈಪ್ ಮಾಡಿದ್ದು. ಒಂದು ತಪ್ಪಿಲ್ಲ.

...

ಅಕ್ಕ, ನಮ್ಮ ಟೋಕನ್ ಕೂಗಿದ್ರು. ಇಡ್ತೀನಿ... ಏನು? ... ಅವತ್ತು ನಿಮ್ಮಣ್ಣ ಒಂದ್ಸಲ ಬ್ಯಾಡ ಕಣವ್ವ ಅಂದಿದ್ರೆ...?

...

ಹೂಂ.

...

ಹೂಂ ಅಕ್ಕ. ... ಇಡಬೇಡಿ. ಹಂಗೇ ಇರಿ. ನೀವು ಕೇಳಿಸ್ಕತಿದ್ರೆ ನಂಗೆ ತಪ್ಪಿಸ್ಕಳಕ್ಕಾಗಲ್ಲ.

...

ಅನೂ! ಏ ಅನು, ಬಾ ಇಲ್ಲಿ, ಒಂದ್ನಿಮಿಷ. ಸೈನ್ ಹಾಕ್ಬೇಡ. ... ಹೌದು ಕಣೇ, ಹಾಕ್ಬೇಡ ಅಂದೆ. ಯಾಕೆ ಹಂಗೆ ನೋಡ್ತೀಯ? ... ಅಪ್ಪನ ಮುಂದೇನಾ? ... ಹೇಳ್ತೀನಿ. ಈಗ್ಲೇ ಹೇಳ್ತೀನಿ.

...

ಅಪ್ಪ... ಪತ್ರ ಬ್ಯಾಡ. ... ಅವಳೇನೂ ಕೇಳಿಲ್ಲ, ಅವಳ ಮ್ಯಾಲೆ ರೇಗ್ಬೇಡಿ. ಬರೆಸಿಕೊಳ್ಳೋನು ನಾನೇ ತಾನೇ? ನಂಗೆ ಬ್ಯಾಡ. ... ಹೌದು, ಓದಿ ಕೆಟ್ಟೆ ಅಂತ್ಲೇ ಇಟ್ಕಳಿ. ... ಯಾರೂ ತಲೆ ಕೆಡಿಸಿಲ್ಲ ಅಪ್ಪ. ... ಸರಿ, ಒಬ್ರು ಕೆಡಿಸಿದ್ರು. ಫೋನಲ್ಲೇ ಅವ್ರೆ, ಮಾತಾಡ್ತೀರಾ?

...

ವಿಮಲಕ್ಕ, ಕೇಳಿಸ್ತಾ? ಎರಡು ವರ್ಷ ಓದಿದ್ದೆಲ್ಲ ಅಪ್ಪ ಒಂದ್ಸಲ ಕಣ್ಣು ಬಿಟ್ರೆ ಮರ್ತೋಯ್ತದೆ. ... ಅವಳಾ? ಅಪ್ಪನ ಪಕ್ಕದಿಂದ ಎದ್ದು ಬಂದು ನನ್ನ ತೋಳು ಹಿಡ್ಕಂಡವ್ಳೆ. ಅಪ್ಪ, ಫೋನ್ ಯಾಕೆ ಕಿತ್ಕತೀರಿ, ತಡೀರಿ... ಅಕ್ಕ, ಇವ್ರು...